‘ಎಷ್ಟು ಜನ?’ ಅಂದರೆ ರೋಬೊ ಲೆಕ್ಕಕ್ಕೆ ಬರುತ್ತಾ?

ಎಲ್ಲರಿಗೂ ನಮಸ್ಕಾರ. ಒಂದು ವೈಜ್ಞಾನಿಕ ಕಾದಂಬರಿ ಬರೆಯಲು ಕೂತಿದ್ದೇನೆ. ಮಂಗಳ ಗ್ರಹದ ಗಣಿಯಲ್ಲಿ ಸಾಲ ತೀರಿಸಲು ದುಡಿಯುವ ಅಕ್ಕ ತಂಗಿ, ಜೊತೆಗೆ ಅದಿರು ಹೊರುವ ಆರು ಗಾಲಿಯ ಒಂದು ರೋಬೊ. ಅದರ ಹೆಸರು ಬಂಡಿ. ಒಂದು ರಾತ್ರಿ ಮೂವರೂ ತಪ್ಪಿಸಿಕೊಂಡು ಹೊರಡುತ್ತಾರೆ. ನೋಡಿ, ಈಗಷ್ಟೇ ‘ಅದರ ಹೆಸರು’ ಅಂದೆ, ಮರುಕ್ಷಣವೇ ‘ಮೂವರೂ’ ಅಂದೆ. ನನ್ನ ತಲೆನೋವು ಇದೇ.

ಅದಕ್ಕೆ ಮೊದಲು ಇನ್ನೊಂದು ಸಣ್ಣ ಪ್ರಶ್ನೆ. ಈ ಹೆಣ್ಣುಮಕ್ಕಳನ್ನು ಏನೆಂದು ಕರೆಯಲಿ? ‘ತಲೆಮರೆಸಿಕೊಂಡವರು’ ಅಂದರೆ ಪೊಲೀಸರ ಪ್ರಕಟಣೆ ಓದಿದ ಹಾಗಾಗುತ್ತದೆ. ‘ಪರಾರಿ’ ಅಂದರೆ ಬ್ಯಾಂಕಿಗೆ ಟೋಪಿ ಹಾಕಿ ವಿಮಾನ ಹತ್ತಿದವರ ನೆನಪು. ‘ಓಡಿಹೋದವರು’ ಅನ್ನೋಣ ಅಂದರೆ, ನಮ್ಮ ಕಡೆ ಹುಡುಗಿ ‘ಓಡಿಹೋದಳು’ ಅಂದ ಕೂಡಲೇ ಕೇಳುವವರು ‘ಯಾರ ಜೊತೆ?’ ಅಂತಾರೆ. ಪಾಂಡವರದ್ದು ‘ಅಜ್ಞಾತವಾಸ’, ಅದು ಒಂದು ಕಡೆ ನಿಂತು ವೇಷ ಮರೆಸಿಕೊಂಡು ಇರುವುದು. ಇವರು ನಿಲ್ಲುವುದೇ ಇಲ್ಲ. ಸದ್ಯಕ್ಕೆ ‘ತಪ್ಪಿಸಿಕೊಂಡವರು’ ಅಂತ ಇಟ್ಟಿದ್ದೇನೆ, ಸ್ವಲ್ಪ ಸಪ್ಪೆ.

ಬಂಡಿಗೆ ‘ಯಂತ್ರಮಾನವ’ ಬೇಡ ಅಂತ ಮೊದಲೇ ತೀರ್ಮಾನಿಸಿದೆ. ಆರು ಗಾಲಿ ಇರುವುದು ಮಾನವ ಹೇಗಾಗುತ್ತೆ? ಅಷ್ಟೇ ಅಲ್ಲ, ಆ ಪದ ಹಾಕಿದರೆ ‘ಯಂತ್ರಮಾನವನಿಗೆ’, ‘ಯಂತ್ರಮಾನವ ಬಂದ’ ಅಂತ ಪದವೇ ಮುಂದೆ ನಿಂತು ತೀರ್ಪು ಕೊಟ್ಟುಬಿಡುತ್ತದೆ. ರೋಬೊ ವಾಸಿ. ಚೆಕ್ ಲೇಖಕ ಕರೆಲ್ ಚಾಪೆಕ್ 1920ರ ತನ್ನ ನಾಟಕದಲ್ಲಿ ಈ ಪದ ತಂದ. ಹುಡುಕಿಕೊಟ್ಟವನು ಅಣ್ಣ ಯೋಸೆಫ್. ಚೆಕ್ ಭಾಷೆಯಲ್ಲಿ ‘ರೊಬೊತ’ ಅಂದರೆ ಜಮೀನ್ದಾರನಿಗೆ ಕೂಲಿಯಿಲ್ಲದೆ ಮಾಡಲೇಬೇಕಾದ ಕೆಲಸ. ಅಂದರೆ ನಮ್ಮ ‘ಬಿಟ್ಟಿ’, ಸಂಸ್ಕೃತದ ‘ವಿಷ್ಟಿ’ಯಿಂದ ಬಂದದ್ದು. ತಮಾಷೆ ಏನೆಂದರೆ ‘ಬಿಟ್ಟಿ ಚಾಕರಿ’ಯಲ್ಲಿ ಬಿಟ್ಟಿ ಅನ್ನುವುದು ಮಾಡುವವನ ಸಂಕಟ, ‘ಬಿಟ್ಟಿ ಊಟ’ದಲ್ಲಿ ತಿನ್ನುವವನ ಸುಖ. ಬಂಡಿಯ ಬೆನ್ನ ಮೇಲೆ ಕಂಪನಿಯವರು ‘ಬಿಟ್ಟಿ–೪’ ಅಂತ ಬರೆದಿರುತ್ತಾರೆ, ಅಷ್ಟು ಚೇಷ್ಟೆಗೆ ಅವಕಾಶ ಕೊಡಿ.

ಈಗ ಅಸಲಿ ವಿಷಯ. ವ್ಯಾಕರಣ ಬರೆದ ಕೇಶಿರಾಜ 13ನೇ ಶತಮಾನದಲ್ಲೇ ಕನ್ನಡದ ಲಿಂಗ ಅರ್ಥದ ಮೇಲೆ ನಿಂತಿದೆ ಅಂತ ತೋರಿಸಿದ: ಗಂಡಸರು, ಹೆಂಗಸರು, ಉಳಿದದ್ದೆಲ್ಲ ನಪುಂಸಕ. ಬಂಡಿ ಮನುಷ್ಯರ ಸಾಲಿಗೆ ಸೇರುತ್ತದೋ ಇಲ್ಲವೋ ಎಂಬುದನ್ನು ನಾನು ಕೊನೆಯ ಅಧ್ಯಾಯದವರೆಗೆ ಮುಚ್ಚಿಡಬೇಕು. ಕನ್ನಡದ ಕ್ರಿಯಾಪದ ಪ್ರತಿ ವಾಕ್ಯದ ತುದಿಯಲ್ಲಿ ಅದನ್ನು ಬಾಯಿಬಿಡಿಸುತ್ತದೆ! ‘ಅಕ್ಕನೂ ಬಂಡಿಯೂ ಓಡಿದರು’ ಅನ್ನಲೋ ‘ಓಡಿದವು’ ಅನ್ನಲೋ? ‘ಹುಡುಗನೂ ನಾಯಿಯೂ ಬಂದರು’ ಅಂತ ಯಾರೂ ಅನ್ನುವುದಿಲ್ಲ, ‘ಬಂದವು’ ಅಂತಲೂ ಇಲ್ಲ, ‘ಹುಡುಗ ನಾಯಿ ಜೊತೆ ಬಂದ’ ಅಂತ ಜಾರಿಕೊಳ್ಳುತ್ತೇವೆ ಅಲ್ವಾ? ರೋಬೊಗಳು ಹಲವು ಸೇರಿದಾಗ ‘ರೋಬೊಗಳು ಬಂದರು’ ಅಂತ ಬರೆದು ನೋಡಿದೆ. ಸ್ವಾಮಿಗಳು ಬಂದರು ಅಂದ ಹಾಗಾಯಿತು!

ಒಂದು ಕಳ್ಳದಾರಿ ಸಿಕ್ಕಿತ್ತು. ‘ಬರಲಿಲ್ಲ’, ‘ಹೇಳಲಿಲ್ಲ’ ಎಂಬ ನಿಷೇಧ ರೂಪಕ್ಕೆ ಲಿಂಗವೂ ಇಲ್ಲ, ವಚನವೂ ಇಲ್ಲ. ‘ಗೊತ್ತು’, ‘ಬೇಕು’ ಕೂಡ ಹಾಗೇ. ಬಂಡಿ ಎಂಬ ಹೆಸರು ಇಕಾರದಲ್ಲಿ ಮುಗಿಯುವುದರಿಂದ ‘ಬಂಡಿಗೆ ಗೊತ್ತು’ ಅಂದರೆ ಏನೂ ಬಯಲಾಗಲ್ಲ. ಹೀಗೆ ನಲವತ್ತು ಪುಟ ಬರೆದು ನನ್ನ ತಂಗಿಗೆ ಓದಲು ಕೊಟ್ಟೆ. ಓದಿ, ‘ಏನಣ್ಣ, ಈ ಬಂಡಿ ಬರಲಿಲ್ಲ, ನಗಲಿಲ್ಲ, ಅಳಲಿಲ್ಲ. ಏನಾದ್ರೂ ಮಾಡುತ್ತಾ ಇಲ್ವಾ?’ ಅಂದಳು. ಅಂದಹಾಗೆ ಅವಳು ‘ಮಾಡುತ್ತಾ’ ಅಂದದ್ದನ್ನು ನಾನು ಗಮನಿಸಿದೆ.

ಕಥೆಯ ಗಂಟೂ ಇಲ್ಲೇ ಇದೆ. ಮೊದಲ ಗೇಟಿನಲ್ಲಿ ಕಾವಲುಗಾರ ‘ಎಷ್ಟು ಜನ?’ ಅಂತಾನೆ. ಅಕ್ಕ ‘ಇಬ್ಬರು’ ಅಂತಾಳೆ. ಹಿಂದೆ ಬಂಡಿ ಕೇಳಿಸಿಕೊಂಡರೂ ಮಾತಾಡಲಿಲ್ಲ. ಮೂರನೇ ಗೇಟಿನ ಹೊತ್ತಿಗೆ ಬಿರುಗಾಳಿಯಲ್ಲಿ ಇಬ್ಬರನ್ನೂ ಬೆನ್ನ ಮೇಲೆ ಹೊತ್ತು ತಂದಿರುವುದು ಬಂಡಿಯೇ. ಅಲ್ಲಿ ಅದೇ ಪ್ರಶ್ನೆ ಬಂದಾಗ ತಂಗಿಯ ಬಾಯಿಂದ ‘ಮೂವರು’ ಅಂತ ಬಂದುಬಿಡುತ್ತೆ. ಕಾವಲುಗಾರ ಟಾರ್ಚ್ ಹಿಡಿದು ಮೂರನೆಯವರನ್ನು ಹುಡುಕಲು ಶುರುಮಾಡುತ್ತಾನೆ. ಸಿಕ್ಕಿಬೀಳುವುದು ಈ ಒಂದು ಪದದಿಂದ. ‘ಇಬ್ಬರು, ಒಂದು ಬಂಡಿ’ ಅಂದಿದ್ದರೆ ಬಿಡುತ್ತಿದ್ದ.

ಕ್ರಿಯಾಪದದ ಆಯ್ಕೆಯಲ್ಲೂ ಹೀಗೇ ನಡೆಸಬಹುದು ಅನಿಸುತ್ತಿದೆ. ಶುರುವಿನಲ್ಲಿ ಅಕ್ಕ ‘ಬಂಡಿ ತಗೊಂಡು ಬಾ’ ಅಂತಾಳೆ. ಆಮೇಲೆ ‘ಬಂಡೀನ ಕರ್ಕೊಂಡು ಬಾ’ ಅಂತಾಳೆ. ಕರ್ಕೊಂಡು ಬರುವುದು ನಾಯಿಗೂ ಆಗುತ್ತೆ, ಮಗುವಿಗೂ ಆಗುತ್ತೆ. ಮಗುವನ್ನೂ ನಾವು ‘ಅಳುತ್ತಿದೆ’ ಅಂತಲೇ ಅನ್ನುತ್ತೇವಲ್ಲ, ಅದರಲ್ಲಿ ಅಸಡ್ಡೆ ಇಲ್ಲ. ಹಾಗಾಗಿ ಬಂಡಿಯನ್ನು ಕೊನೆಯವರೆಗೂ ‘ಅದು’ ಅಂತಲೇ ಇಟ್ಟು, ‘ಅದು’ವಿನ ಧಾಟಿ ಮಾತ್ರ ಬದಲಿಸುವುದು ಒಳ್ಳೆಯದೇನೋ.

ನಿಮ್ಮನ್ನು ಕೇಳುವುದು ಇಷ್ಟು. ನಿಮ್ಮ ಊರಲ್ಲಿ ಸಾಕಿದ ಎತ್ತು, ಹಸು, ನಾಯಿಗೆ ಯಾರಾದರೂ ‘ಅವನು’, ‘ಅವಳು’ ಅನ್ನುವುದುಂಟಾ, ಅದರಲ್ಲೂ ಬೇರೆಯವರ ಮುಂದೆ? ಮನೆಯವರನ್ನು ಎಣಿಸುವಾಗ ನಾಯಿಯನ್ನೂ ಸೇರಿಸಿ ‘ಐವರು’ ಅಂದದ್ದು ಕೇಳಿದ್ದೀರಾ? ಹಾಗೇ ‘ಸಂಗಾತಿ’ ಮದುವೆ ಜಾಹೀರಾತಿನ ಪಾಲಾಗಿದೆ, ‘ಒಡನಾಡಿ’ ಸರಿ ಹೋಗುತ್ತಾ, ಅಥವಾ ಸುಮ್ನೆ ‘ಜೊತೆಗಿರೋದು’ ಅಂದರೆ ಸಾಕಾ?