ಸಹಾಯ ಬೇಕು: ಇಬ್ಬರು ಪುಟ್ಟ ಮಕ್ಕಳೊಂದಿಗೆ ಲಾಲ್‌ಬಾಗ್

ಟಬೂಬಿಯಾ ಹೂಗಳು ಉದುರಿ ಮುಗಿಯುವ ಮೊದಲೇ ನಾಲ್ಕು ವರ್ಷದ ಮಗಳಿಗೂ ಒಂದೂವರೆ ವರ್ಷದ ಮಗನಿಗೂ ಲಾಲ್‌ಬಾಗ್ ತೋರಿಸಬೇಕೆಂದು ಎರಡು ಸಲ ಹೋದರೂ, 1889ರ ಗಾಜಿನ ಮನೆಯನ್ನು ನಾವಿನ್ನೂ ತಲುಪಿಲ್ಲ. ಮೊದಲ ಸಲ ಕೆಂಪೇಗೌಡ ಗೋಪುರವಿರುವ ಬಂಡೆಯ ಕಡೆಯಿಂದ ಹೋದೆವು. ಸುಮಾರು 300 ಕೋಟಿ ವರ್ಷ ಹಳೆಯದಾದ ಆ ಬಂಡೆ ಮಗಳಿಗೆ ಜಾರುಬಂಡೆಯಾಗಿ ಕಂಡು, ಚಡ್ಡಿಯ ಹಿಂಭಾಗ ಸವೆಯುವವರೆಗೂ ಅವಳು ಅಲ್ಲಿಂದ ಏಳಲಿಲ್ಲ. ಎರಡನೆಯ ಸಲ ಮೆಟ್ರೋದಲ್ಲಿ ಬಂದು ಬೆಳಿಗ್ಗೆ ಹತ್ತಕ್ಕೆ ಒಳಹೊಕ್ಕೆವು. ಅಷ್ಟರಲ್ಲೇ ಬಿಸಿಲು ಏರಿತ್ತು, ತಳ್ಳುಗಾಡಿಯ ಮುಂದಿನ ಚಕ್ರಕ್ಕೆ ಒಣಗಿದ ಕಾಯಿಯೊಂದು ಸಿಕ್ಕಿ ನಿಂತಿತು, ಮಗ ಹೆಗಲ ಮೇಲೆಯೇ ನಿದ್ದೆಹೋದ. 240 ಎಕರೆಯ ತೋಟದಲ್ಲಿ ಮಕ್ಕಳನ್ನು ಎತ್ತಿಕೊಂಡು ಅಲೆಯುವುದು ಆಗದ ಮಾತೆಂದು ಆಗ ಅರಿವಾಯಿತು.

ಈ ಸಲ ಏಳು ಗಂಟೆಗೇ ಹೋಗುವವರಿದ್ದೇವೆ. ಒಳಗೆ ಓಡಾಡುವ ಬ್ಯಾಟರಿ ವಾಹನದಲ್ಲಿ ಮಡಚಿದ ತಳ್ಳುಗಾಡಿಯನ್ನು ಇಟ್ಟುಕೊಳ್ಳಲು ಬಿಡುತ್ತಾರೆಯೇ, ಗಾಜಿನ ಮನೆಯ ಬಳಿ ಇಳಿಯಬಹುದೇ ಎಂಬುದೇ ನನ್ನ ಗೊಂದಲ. ಅದು ಸಾಧ್ಯವಿಲ್ಲವಾದರೆ, ನೆರಳಿನಲ್ಲಿಯೇ ಸಾಗಿ ಗಾಜಿನ ಮನೆಯನ್ನು ಬೇಗ ತಲುಪಲು ನಾಲ್ಕು ದ್ವಾರಗಳಲ್ಲಿ ಯಾವುದರಿಂದ ಒಳಹೋಗುವುದು ಒಳ್ಳೆಯದು? ಮಕ್ಕಳೊಂದಿಗೆ ಇತ್ತೀಚೆಗೆ ಹೋಗಿಬಂದವರು ದಯವಿಟ್ಟು ತಿಳಿಸಿ.