ಕ್ಯಾನ್ಸರ್ ಔಷಧಗಳ ಫಾರ್ಮಸಿಯಲ್ಲಿ ವೃತ್ತಿ ಮತ್ತು ಸಂಶೋಧನೆ: ಪ್ರಶ್ನೋತ್ತರ

ಪ್ರಶ್ನೆ (ಗದಗ, ಬಿ.ಫಾರ್ಮ್ ಕೊನೆಯ ವರ್ಷದ ವಿದ್ಯಾರ್ಥಿನಿ): ಮೇಡಂ, ನಮಸ್ಕಾರ. ಫಾರ್ಮಸಿ ಓದಿದರೆ ಕೊನೆಗೆ ಔಷಧ ಅಂಗಡಿ ಇಡುವುದೇ ತಾನೇ ಎಂದು ಮನೆಯಲ್ಲಿ ಕೇಳುತ್ತಾರೆ. ನನಗೆ ಕ್ಯಾನ್ಸರ್ ವಿಭಾಗದಲ್ಲಿ ಕೆಲಸ ಮಾಡುವ ಆಸೆಯಿದೆ. ಅಲ್ಲಿ ಫಾರ್ಮಸಿಸ್ಟ್ ಮಾಡುವ ಕೆಲಸವೇನು? ಅದಕ್ಕೆ ಏನು ಓದಬೇಕು?

ಉತ್ತರ (ಹುಬ್ಬಳ್ಳಿ, ಆಂಕಾಲಜಿ ಅಂದರೆ ಕ್ಯಾನ್ಸರ್ ಚಿಕಿತ್ಸಾ ವಿಭಾಗದ ಫಾರ್ಮಸಿಸ್ಟ್): ನಮಸ್ಕಾರ. ವೈದ್ಯರು ಬರೆದ ಕಿಮೊಥೆರಪಿ ಔಷಧ ರೋಗಿಯ ರಕ್ತನಾಳ ಸೇರುವ ಮೊದಲು, ಅದರ ಪ್ರಮಾಣವನ್ನು ನಾವು ಸ್ವತಂತ್ರವಾಗಿ ಮತ್ತೊಮ್ಮೆ ಲೆಕ್ಕ ಹಾಕುತ್ತೇವೆ. ಇಂಥ ಹಲವು ಔಷಧಗಳ ಪ್ರಮಾಣವನ್ನು ದೇಹದ ಮೇಲ್ಮೈ ವಿಸ್ತೀರ್ಣ ನೋಡಿ ನಿರ್ಧರಿಸುತ್ತಾರೆ. ಒಂದು ಉದಾಹರಣೆ ನೋಡಿ. ಸೆಂಟಿಮೀಟರಿನಲ್ಲಿರುವ ಎತ್ತರವನ್ನು ಕಿಲೋಗ್ರಾಂ ತೂಕದಿಂದ ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ದೇಹದ ಮೇಲ್ಮೈ ವಿಸ್ತೀರ್ಣ ಚದರ ಮೀಟರಿನಲ್ಲಿ ಸಿಗುತ್ತದೆ. ರೋಗಿಯ ಎತ್ತರ 160, ತೂಕ 50 ಇದ್ದರೆ ಅದು 1.49. ಪ್ಯಾಕ್ಲಿಟ್ಯಾಕ್ಸೆಲ್ ಔಷಧವನ್ನು ಚದರ ಮೀಟರಿಗೆ 175 ಮಿಲಿಗ್ರಾಂನಂತೆ ಕೊಡುವುದಾದರೆ ಸುಮಾರು 261 ಮಿಲಿಗ್ರಾಂ ಬೇಕು. ಆದರೆ ಊಟ ಸೇರದೆ ಅವರ ತೂಕ 40ಕ್ಕೆ ಇಳಿದಿದ್ದರೆ ವಿಸ್ತೀರ್ಣ 1.33ಕ್ಕೂ ಔಷಧ 233 ಮಿಲಿಗ್ರಾಂಗೂ ಇಳಿಯುತ್ತದೆ. ಹಳೆಯ ಫೈಲಿನಲ್ಲಿದ್ದ ತೂಕವನ್ನೇ ಇಟ್ಟುಕೊಂಡು ಲೆಕ್ಕ ಮಾಡಿದರೆ, ಮೊದಲೇ ನಿತ್ರಾಣಗೊಂಡ ದೇಹಕ್ಕೆ 28 ಮಿಲಿಗ್ರಾಂ ಹೆಚ್ಚು ಹೋಗುತ್ತದೆ. ಆದ್ದರಿಂದ ಚಿಕಿತ್ಸೆಯ ಪ್ರತಿ ಸುತ್ತಿನಲ್ಲೂ ಹೊಸದಾಗಿ ತೂಕ ನೋಡಿಸಬೇಕೆಂದು ನಾವು ಪಟ್ಟು ಹಿಡಿಯುತ್ತೇವೆ.

ಲೆಕ್ಕ ಸರಿಯಾದ ಮೇಲೆ ರಕ್ತ ಪರೀಕ್ಷೆಯ ವರದಿ, ಮೂತ್ರಪಿಂಡದ ಶಕ್ತಿ, ಹಿಂದಿನ ಔಷಧಗಳ ಒಟ್ಟು ಮೊತ್ತ ಇವನ್ನೆಲ್ಲ ನೋಡಬೇಕಾಗುತ್ತದೆ. ಡಾಕ್ಸೊರುಬಿಸಿನ್ ಹೃದಯಕ್ಕೆ ಹಾನಿ ಮಾಡಬಲ್ಲದಾದ್ದರಿಂದ ಜೀವಮಾನದಲ್ಲಿ ಅದನ್ನು ಎಷ್ಟು ಕೊಡಬಹುದೆಂಬುದಕ್ಕೆ ಮಿತಿಯಿದೆ. ಆಕ್ಸಾಲಿಪ್ಲಾಟಿನ್ ಔಷಧವನ್ನು ಸಲೈನಿನಲ್ಲಿ ಬೆರೆಸುವಂತಿಲ್ಲ, ಶೇ. 5ರ ಡೆಕ್ಸ್‌ಟ್ರೋಸ್ ದ್ರಾವಣದಲ್ಲೇ ಬೆರೆಸಬೇಕು. ವಿನ್‌ಕ್ರಿಸ್ಟಿನ್ ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಸಾವು ಬಹುತೇಕ ಖಚಿತ. ಆದ್ದರಿಂದ ಅದನ್ನು ಸಿರಿಂಜಿನಲ್ಲಿ ಕಳುಹಿಸದೆ, ಬೆನ್ನಿಗೆ ಚುಚ್ಚಲು ಸಾಧ್ಯವೇ ಆಗದಂತೆ, ಸಣ್ಣ ಸಲೈನ್ ಚೀಲದಲ್ಲಿ ಬೆರೆಸಿ ಕಳುಹಿಸುವುದು ಸುರಕ್ಷಿತವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ.

ಓದಿನ ವಿಷಯ. ಆಸ್ಪತ್ರೆಯ ಕೆಲಸವೇ ಬೇಕೆಂದರೆ ಬಿ.ಫಾರ್ಮ್ ನಂತರ ಫಾರ್ಮಸಿ ಪ್ರಾಕ್ಟೀಸ್ ವಿಷಯದಲ್ಲಿ ಎರಡು ವರ್ಷದ ಎಂ.ಫಾರ್ಮ್ ಮಾಡಿ. ಎಂ.ಫಾರ್ಮ್ ಪ್ರವೇಶಕ್ಕಾಗಿ ನಡೆಯುವ ಜಿಪ್ಯಾಟ್ ಪರೀಕ್ಷೆಗೆ ಈಗಿನಿಂದಲೇ ಸಿದ್ಧತೆ ಮಾಡಿಕೊಳ್ಳಿ.

ಪ್ರಶ್ನೆ (ಹಾವೇರಿ, ಪಾಲಕರು): ಮಗಳು ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಈ ಔಷಧಗಳನ್ನು ದಿನವೂ ಮುಟ್ಟುವವರ ಆರೋಗ್ಯಕ್ಕೆ ಅಪಾಯವಿಲ್ಲವೇ? ನಾಳೆ ಮದುವೆ, ಮಕ್ಕಳು ಎಂದಾಗ ತೊಂದರೆಯಾಗಬಾರದು ಎಂಬ ಚಿಂತೆ ನಮ್ಮದು.

ಉತ್ತರ: ನಿಮ್ಮ ಚಿಂತೆ ಸಹಜ, ಅಪಾಯವೂ ನಿಜ. ಕ್ಯಾನ್ಸರ್ ಕೋಶವನ್ನು ಕೊಲ್ಲುವ ಔಷಧಗಳಲ್ಲಿ ಹಲವು ಆರೋಗ್ಯವಂತರ ಕೋಶಕ್ಕೂ, ಗರ್ಭದಲ್ಲಿರುವ ಮಗುವಿಗೂ ಹಾನಿ ಮಾಡಬಲ್ಲವು. ಆದಕಾರಣ ಅವನ್ನು ತೆರೆದ ಮೇಜಿನ ಮೇಲೆ ಬೆರೆಸಬಾರದು. ಗಾಳಿಯನ್ನು ಒಳಗೆಳೆದು ಸೋಸುವ ಜೈವಿಕ ಸುರಕ್ಷತಾ ಕ್ಯಾಬಿನೆಟ್ಟಿನೊಳಗೆ, ಎರಡು ಜೊತೆ ಕೈಗವಸು ಮತ್ತು ದ್ರವ ಇಳಿಯದ ಗೌನ್ ತೊಟ್ಟು ಕೆಲಸ ಮಾಡಬೇಕು. ಬಾಟಲಿಯೊಳಗೆ ಒತ್ತಡ ಹೆಚ್ಚಾದರೆ ಸೂಜಿ ತೆಗೆಯುವಾಗ ಔಷಧ ಸಣ್ಣ ಹನಿಗಳಾಗಿ ಚಿಮ್ಮುವುದರಿಂದ, ಒಳಗಿನ ಒತ್ತಡವನ್ನು ಹೊರಗಿಗಿಂತ ಕೊಂಚ ಕಡಿಮೆ ಇಡುವುದನ್ನು ಕೈಗೆ ಅಭ್ಯಾಸವಾಗುವವರೆಗೆ ಬರೀ ನೀರಿನಲ್ಲಿ ಕಲಿಸುತ್ತಾರೆ. ಗರ್ಭಿಣಿಯರು ಮತ್ತು ಹಾಲುಣಿಸುವ ತಾಯಂದಿರು ಬೆರೆಸುವ ಕೋಣೆಯಿಂದ ಬೇರೆ ಕೆಲಸಕ್ಕೆ ಬದಲಾವಣೆ ಕೇಳಬೇಕು. ಈ ವ್ಯವಸ್ಥೆಗಳಿಲ್ಲದ ಕಡೆ, ಸಂಬಳ ಎಷ್ಟೇ ಇರಲಿ, ಮಗಳು ಕೆಲಸಕ್ಕೆ ಸೇರುವುದು ಬೇಡ.

ಪಿಯುಸಿ ನಂತರ ನೇರವಾಗಿ ಆರು ವರ್ಷದ ಫಾರ್ಮ್.ಡಿ. (ಡಾಕ್ಟರ್ ಆಫ್ ಫಾರ್ಮಸಿ) ಮಾಡಬಹುದು. ಭಾರತದಲ್ಲಿ ಅದು 2008ರಲ್ಲಿ ಆರಂಭವಾಯಿತು, ಕೊನೆಯ ವರ್ಷ ಪೂರ್ತಿ ಆಸ್ಪತ್ರೆಯ ಇಂಟರ್ನ್‌ಶಿಪ್. ಒಂದು ಮಾತು ಮುಚ್ಚಿಡಬಾರದು: ನಮ್ಮ ಭಾಗದ ಹಲವು ಆಸ್ಪತ್ರೆಗಳಲ್ಲಿ ಆಂಕಾಲಜಿ ಫಾರ್ಮಸಿಸ್ಟ್ ಎಂಬ ಪ್ರತ್ಯೇಕ ಹುದ್ದೆಯೇ ಇಲ್ಲ, ಮೊದಲ ಕೆಲವು ವರ್ಷ ಬೆಂಗಳೂರಿಗೋ ಮುಂಬೈಗೋ ಹೋಗಬೇಕಾಗಬಹುದು. ಈ ಹುದ್ದೆ ಇಲ್ಲಿಯೂ ಆಗಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಪ್ರಶ್ನೆ (ಧಾರವಾಡ, ಎಂ.ಫಾರ್ಮ್ ವಿದ್ಯಾರ್ಥಿ): ನನ್ನ ಒಲವು ಹೊಸ ಔಷಧಗಳ ಸಂಶೋಧನೆಯ ಕಡೆಗಿದೆ. ವಾರ್ಡಿನ ಅನುಭವ ನನಗೆ ಬೇಕೇ?

ಉತ್ತರ: ಬೇಕೇ ಬೇಕು. ಬೇರೆ ರೋಗಗಳ ಹೊಸ ಔಷಧವನ್ನು ಸಾಮಾನ್ಯವಾಗಿ ಮೊದಲು ಆರೋಗ್ಯವಂತ ಸ್ವಯಂಸೇವಕರಲ್ಲಿ ಪರೀಕ್ಷಿಸುತ್ತಾರೆ. ಕ್ಯಾನ್ಸರ್ ಔಷಧದ ಮೊದಲ ಹಂತದ ಪ್ರಯೋಗ ಮಾತ್ರ ಹೆಚ್ಚಾಗಿ ರೋಗಿಗಳಲ್ಲಿಯೇ ನಡೆಯುತ್ತದೆ, ಅವರಲ್ಲಿ ಹಲವರಿಗೆ ಉಳಿದ ಚಿಕಿತ್ಸೆಗಳೆಲ್ಲ ಮುಗಿದಿರುತ್ತವೆ. ಅಂಥವರ ಸಂಕಟವನ್ನು ಹತ್ತಿರದಿಂದ ಕಂಡವರು ಪ್ರಯೋಗದ ನಿಯಮಗಳನ್ನು ಬರೆಯುವಾಗ ಎಷ್ಟು ಸಲ ರಕ್ತ ತೆಗೆಯಬೇಕು, ಯಾವ ನೋವಿಗೆ ಔಷಧ ನಿಲ್ಲಿಸಬೇಕು ಎಂಬುದನ್ನು ಬೇರೆಯೇ ಎಚ್ಚರದಿಂದ ಬರೆಯುತ್ತಾರೆ. ಕೆಪೆಸಿಟಬಿನ್ ಎಂಬ ಕ್ಯಾನ್ಸರ್ ಗುಳಿಗೆಯನ್ನೇ ನೋಡಿ. ವಾಡಿಕೆಯ ಕ್ರಮದಲ್ಲಿ ಊಟವಾದ ಅರ್ಧ ಗಂಟೆಯೊಳಗೆ, ದಿನಕ್ಕೆರಡು ಸಲ, 14 ದಿನ ನುಂಗಿ 7 ದಿನ ಬಿಡಬೇಕು. ಊರಿಗೆ ಹೋದವರು ಗುಳಿಗೆ ಉಳಿದಿವೆಯೆಂದು ಬಿಡುವಿನ ವಾರದಲ್ಲೂ ನುಂಗಿದರೆ ಅಂಗೈ ಅಂಗಾಲು ಕೆಂಪೇರಿ ಸಿಪ್ಪೆ ಏಳಬಹುದು, ಭೇದಿ ಹತ್ತಿ ಪ್ರಾಣಕ್ಕೇ ಸಂಚಕಾರ ಬರಬಹುದು. ಪ್ರಯೋಗಾಲಯದಲ್ಲಿ ಕುಳಿತವರಿಗೆ ಇದು ಹೊಳೆಯುವುದು ಕಷ್ಟ.

ಸಂಶೋಧನೆಗೆ ವಿಷಯಗಳ ಕೊರತೆಯೇನೂ ಇಲ್ಲ. ಇರಿನೊಟೆಕಾನ್ ಎಂಬ ಕ್ಯಾನ್ಸರ್ ಔಷಧಕ್ಕೆ ಮೂಲವಾದ ಕ್ಯಾಂಪ್ಟೊಥೆಸಿನ್ ಎಂಬ ರಾಸಾಯನಿಕ ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿಯೂ ಇದೆ. ಅತಿಯಾಗಿ ಕಡಿದದ್ದರಿಂದ ಆ ಮರ ಅಪಾಯಕ್ಕೆ ಸಿಲುಕಿರುವುದರಿಂದ, ಅದೇ ವಸ್ತುವನ್ನು ಬೇರೆ ದಾರಿಯಿಂದ ಪಡೆಯುವುದೂ ಒಳ್ಳೆಯ ಸಂಶೋಧನೆಯೇ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರದ ಕೆಲಸದಿಂದ ಬಂದ ನೆಕ್ಸ್‌ಕಾರ್19 ಎಂಬ ಕೋಶ ಚಿಕಿತ್ಸೆಗೆ 2023ರಲ್ಲಿ ಅನುಮತಿ ದೊರೆತ ಮೇಲೆ, ಜೀವಂತ ಕೋಶಗಳನ್ನೇ ಔಷಧವಾಗಿ ಹೆಪ್ಪುಗಟ್ಟಿಸಿ ಸಂಗ್ರಹಿಸಿ, ಮತ್ತೆ ಕರಗಿಸಿ, ಕೊಡಬಲ್ಲ ತಜ್ಞರೂ ನಮ್ಮ ದೇಶಕ್ಕೆ ಬೇಕಾಗಿದ್ದಾರೆ.

ಪಿಎಚ್.ಡಿ.ಗೆ ಅರ್ಜಿ ಹಾಕುವ ಮೊದಲು ನಿಮ್ಮ ಮಾರ್ಗದರ್ಶಕರ ಪತ್ರದೊಂದಿಗೆ ಹತ್ತಿರದ ಕ್ಯಾನ್ಸರ್ ಆಸ್ಪತ್ರೆಯ ಫಾರ್ಮಸಿ ಮುಖ್ಯಸ್ಥರನ್ನು ಕಂಡು, ರೋಗಿಗಳಿಗೆ ಗುಳಿಗೆಯ ವಿವರ ತಿಳಿಸುವ ಜಾಗದಲ್ಲಿ ಕೆಲವು ತಿಂಗಳು ಕುಳಿತುಕೊಳ್ಳಲು ಅನುಮತಿ ಕೇಳಿ.