ಊರಿನ ಅಂಗನವಾಡಿಗೆ 15,000 ರೂಪಾಯಿಯಲ್ಲಿ ಏನು ಕೊಡಿಸಬಹುದು?

ತೀರ್ಥಹಳ್ಳಿ ಕಡೆಯವನು:

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ಒಟ್ಟಿಗೆ ಓದಿದ ನಾವು 9 ಜನ ಸೇರಿ 15,000 ರೂಪಾಯಿ ಕೂಡಿಸಿದ್ದೇವೆ. ನಮ್ಮೂರ ಅಂಗನವಾಡಿಗೆ ಏನಾದರೂ ಕೊಡಬೇಕು ಅಂತ ಆಸೆ. ಊರು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗಿದೆ. 14 ಮಕ್ಕಳು ಬರುತ್ತಾರೆ. ನಮ್ಮಲ್ಲಿ ಒಬ್ಬ ಟಿವಿ ಅನ್ನುತ್ತಾನೆ, ಇನ್ನೊಬ್ಬ ಜಾರುಬಂಡೆ, ಮತ್ತೊಬ್ಬ ಎಲ್ಲರಿಗೂ ಸ್ಲೇಟು, ಬ್ಯಾಗು.

ನನಗೆ ಒಂದು ಸಂಕಟ ಇದೆ. ಎರಡು ವರ್ಷದ ಹಿಂದೆ ನಾನೊಬ್ಬನೇ ಒಂದು ದೊಡ್ಡ ಬಾಕ್ಸ್ ಆಟಿಕೆ ತಂದುಕೊಟ್ಟಿದ್ದೆ. ಮೊನ್ನೆ ಗಣಪತಿ ಹಬ್ಬಕ್ಕೆ ಊರಿಗೆ ಹೋದಾಗ ನೋಡಿದರೆ ಅದು ಬೀರುವಿನ ಮೇಲೆ ಪ್ಲಾಸ್ಟಿಕ್ ಕವರ್ ಸಮೇತ ಹಾಗೇ ಕೂತಿದೆ. ಟೀಚರ್ ಒಳ್ಳೆಯವರು, ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಆದರೂ ಯಾಕೆ ಬಿಚ್ಚಿಲ್ಲ? ಈ ಸಲವೂ ಹಾಗಾಗಬಾರದು. ಗೊತ್ತಿದ್ದವರು ದಯವಿಟ್ಟು ಹೇಳಿ.

ಹೊಸನಗರದ ಹಳೇ ಟೀಚರ್:

ತಮ್ಮಾ, ನಾನು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ 26 ವರ್ಷ ಅಂಗನವಾಡಿ ಕಾರ್ಯಕರ್ತೆ ಆಗಿದ್ದೆ. ನಿಮ್ಮ ಬಾಕ್ಸ್ ಯಾಕೆ ಮೇಲೆ ಕೂತಿದೆ ಅನ್ನೋದು ನನಗೆ ಅರ್ಥ ಆಗುತ್ತದೆ. ಬಂದ ಸಾಮಾನೆಲ್ಲ ದಾಸ್ತಾನು ಪುಸ್ತಕಕ್ಕೆ ಏರುತ್ತದೆ. ಏರಿದ ಮೇಲೆ ಅದರ ಲೆಕ್ಕ ಟೀಚರ್ ತಲೆ ಮೇಲೆ. 'ಹನ್ನೆರಡು ಗೊಂಬೆ ಇತ್ತಲ್ಲ, ಒಂಬತ್ತೇ ಇದೆಯಲ್ಲ' ಅಂತ ಯಾರಾದರೂ ಕೇಳಿದರೆ ಉತ್ತರ ಕೊಡಬೇಕಾದವಳು ಅವಳು. ಮೊದಲ ನಾಲ್ಕು ವರ್ಷ ನಾನೂ ಬೀಗ ಹಾಕಿಯೇ ಇಟ್ಟಿದ್ದೆ. ಮಕ್ಕಳು ಬೀರುವಿನ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದರು. ಈಗಲೂ ನೆನಪಾದರೆ ಹೊಟ್ಟೆ ಚುರುಕ್ ಅನ್ನುತ್ತದೆ.

ಆಮೇಲೆ ಅಡಿಕೆ ಮಂಡಿಯವರೊಬ್ಬರು ಸಾಮಾನು ಕೊಡುವಾಗ ಒಂದು ಚೀಟಿ ಬರೆದುಕೊಟ್ಟರು. 'ಇದು ಮಕ್ಕಳು ಆಡಲಿಕ್ಕೆ. ಮುರಿದರೆ, ಕಳೆದರೆ ಯಾರನ್ನೂ ಕೇಳಬಾರದು.' ಅದನ್ನು ಅಂಗನವಾಡಿಯ ಬಾಲವಿಕಾಸ ಸಮಿತಿ ಸಭೆಯಲ್ಲಿ ಓದಿ, ನಡಾವಳಿಯಲ್ಲಿ ಬರೆಸಿದೆ. ಅವತ್ತೇ ಬೀಗ ತೆಗೆದೆ. ನೀವೂ ಮೊದಲು ಆ ಚೀಟಿ ಬರೆದುಕೊಡಿ. ದುಡ್ಡು ಖರ್ಚಿಲ್ಲದ ಕೆಲಸ.

ಏನು ಕೊಡಬೇಕು ಅನ್ನೋದಕ್ಕೆ ನಾನು ಕಂಡದ್ದನ್ನೇ ಹೇಳುತ್ತೇನೆ. ಒಮ್ಮೆ ಗುಂಡಿ ಒತ್ತಿದರೆ ಹಾಡುವ ಆನೆ ಬಂತು. ಒಂದು ಮಗು ಒತ್ತುತ್ತದೆ, ಉಳಿದವರು ಸುಮ್ನೆ ನಿಂತು ನೋಡುತ್ತಾರೆ. ಮೂರನೇ ವಾರಕ್ಕೆ ಬ್ಯಾಟರಿ ಮುಗಿಯಿತು. ಅಂಥ ಕೆಲವು ಆಟಿಕೆಗಳಲ್ಲಿ ಇರುವ, ನಾಣ್ಯದಂಥ ಸಣ್ಣ ಗುಂಡು ಬ್ಯಾಟರಿಯನ್ನು ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಬೇಡವೇ ಬೇಡ.

ಜಾಸ್ತಿ ವರ್ಷ ಬಾಳಿದ್ದು ಒಂದು ತಕ್ಕಡಿ. ಅದೇ ಮಂಡಿಯವರು ಕೊಟ್ಟ ಹಳೇ ಕಬ್ಬಿಣದ ದಂಡಿಗೆ, ಎರಡೂ ಕಡೆ ತೆಂಗಿನ ಚಿಪ್ಪು ಕಟ್ಟಿದ್ದೆ. ಮೇ ತಿಂಗಳು, ಹಲಸಿನ ಕಾಲ. ಒಂದು ಚಿಪ್ಪಿಗೆ ಒಂದು ಹಲಸಿನ ಬೀಜ, ಇನ್ನೊಂದಕ್ಕೆ ಅಂಟುವಾಳದ ಬೀಜ. ಐದು ಹಾಕಿದರೆ ಸಮ ಆಗುತ್ತಿತ್ತು. ಶುಂಠಿ ಕೆಲಸಕ್ಕೆ ಬಂದವರ ಮಗಳು ಒಬ್ಬಳಿದ್ದಳು, ನಾಲ್ಕೂವರೆ ವರ್ಷ. ಅವಳು ತೂಗಿದ ಹಲಸಿನ ಬೀಜವನ್ನು ಕಿಟಕಿಯ ಬಿಸಿಲಲ್ಲಿ ಇಟ್ಟಿದ್ದಳು. ಹತ್ತು ದಿನ ಬಿಟ್ಟು ಅದನ್ನೇ ತಂದು ಮತ್ತೆ ತೂಗಿದಳು. ಐದು ಅಂಟುವಾಳ ಹಾಕಿದ ತಕ್ಷಣ ಆ ಚಿಪ್ಪು ಕೆಳಗೆ ಹೋಯಿತು. ಒಂದನ್ನು ತೆಗೆದಳು, ಸಮ ಆಯಿತು. ಮತ್ತೆ ಹಾಕಿದಳು, ಮತ್ತೆ ತೆಗೆದಳು. ಆಮೇಲೆ ನನ್ನ ಮುಖ ನೋಡಿ ಕೇಳಿದಳು: 'ಟೀಚರ್, ಬೀಜ ಉಪವಾಸ ಇತ್ತಾ?'

ಬೀಜದಲ್ಲಿದ್ದ ನೀರು ಆರಿತು ಅಂತ ನಾನೇ ಮೊದಲು ಹೇಳಿದ್ದರೆ ಆ ಮಾತು ಅವಳ ಬಾಯಿಗೆ ಬರುತ್ತಿರಲಿಲ್ಲ. ಐದು, ನಾಲ್ಕು, ಜಾಸ್ತಿ, ಕಮ್ಮಿ ಎಲ್ಲ ಅವಳ ಕೈಗೇ ಸಿಕ್ಕಿತು. ಅದಕ್ಕೇ ಹೇಳುತ್ತೇನೆ, ಬಿಡಿಬಿಡಿಯಾಗಿ, ರಾಶಿಯಾಗಿ ಇರುವ ಸಾಮಾನು ಕೊಡಿ. ಮರದ ತುಂಡು, ಪೋಣಿಸುವ ದೊಡ್ಡ ಮಣಿ, ಅಳೆಯುವ ಲೋಟ, ಬಟ್ಟೆ ತುಂಡು. ಒಂದೇ ಚಂದದ ಗೊಂಬೆ ಕೊಟ್ಟರೆ 14 ಮಕ್ಕಳು ಜಗಳ ಆಡುತ್ತಾರೆ. 80 ಮರದ ತುಂಡು ಇದ್ದರೆ ಒಟ್ಟಿಗೆ ಕೂತು ಮನೆ ಕಟ್ಟುತ್ತಾರೆ. ಬೀಜ ಕೊಡುವಾಗ ಮಾತ್ರ ಎಚ್ಚರ. ಗುಲಗಂಜಿ ಎಷ್ಟೇ ಚಂದ ಇದ್ದರೂ ವಿಷ, ಒಳಗೆ ತರಲೇಬಾರದು. ಮೂರು ವರ್ಷದ ಒಳಗಿನವರು ಇದ್ದಾಗ ಯಾವ ಸಣ್ಣ ಬೀಜವನ್ನೂ ಹೊರಗೆ ತೆಗೆಯಬೇಡಿ. ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ. ದೊಡ್ಡವರಿಗೂ ಎಣಿಸಿ ಕೊಟ್ಟು ಎಣಿಸಿ ವಾಪಸ್ ತಗೊಳ್ಳಬೇಕು.

ಪುಸ್ತಕ ಕೊಡುವುದಾದರೆ ನಮ್ಮ ಮಳೆ ನೆನಪಿರಲಿ. ಜೂನ್‌ನಲ್ಲಿ ಬೀರುವಿನೊಳಗೆ ಇಟ್ಟ ಪುಸ್ತಕ ಆಗಸ್ಟ್‌ಗೆ ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿರುತ್ತದೆ. ನಾನು ಗೋಡೆಗೆ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ ಹಾಕಿ ಪುಸ್ತಕಗಳನ್ನು ನೇತುಹಾಕುತ್ತಿದ್ದೆ. ಗಾಳಿ ಆಡುತ್ತಿತ್ತು. ಮಕ್ಕಳಿಗೆ ಮುಖಪುಟವೂ ಕಾಣುತ್ತಿತ್ತು, ಬೇಕಾದ್ದನ್ನು ತಾವೇ ಎಳೆದುಕೊಳ್ಳುತ್ತಿದ್ದರು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ. ಪ್ರಿಂಟ್ ತೆಗೆಸಿ ಲ್ಯಾಮಿನೇಷನ್ ಮಾಡಿಸಿದರೆ ನಮ್ಮ ಮಳೆಗಾಲಕ್ಕೂ ತಡೆಯುತ್ತದೆ.

ಶಿವಮೊಗ್ಗದ ಅಮ್ಮ:

ಟೀಚರ್, ನೀವು ಹೇಳಿದ್ದು ಸರಿ ಇರಬಹುದು. ಆದರೆ ಅಪ್ಪ ಅಮ್ಮಂದಿರಿಗೆ ಬರವಣಿಗೆ ಕಾಣಬೇಕಲ್ವಾ? ನಮ್ಮ ಪಕ್ಕದ ಮನೆಯವರು 'ಇಲ್ಲಿ ಬರೀ ಆಟ' ಅಂತ ಮಗುವನ್ನು ಬಿಡಿಸಿ ಎಲ್‌ಕೆಜಿಗೆ ಹಾಕಿದರು. ಸ್ಲೇಟು, ಕಾಪಿ ಪುಸ್ತಕ ಕೊಟ್ಟರೆ ಅಂಗನವಾಡಿಯಲ್ಲಿ ಮಕ್ಕಳಾದರೂ ಉಳಿಯುತ್ತಾರೆ.

ಹೊಸನಗರದ ಹಳೇ ಟೀಚರ್:

ಮಗಳೇ, ಈ ಮಾತು ನಾನೂ ಜಾಸ್ತಿ ಕೇಳಿದ್ದೇನೆ. ಸ್ಲೇಟು ಬೇಡ ಅನ್ನುವುದಿಲ್ಲ, ಗೀಚಲಿಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಮೂರು ವರ್ಷದ ಮಗುವಿನ ಬೆರಳಿಗೆ ಬಳಪ ಹಿಡಿಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಮಣಿ ಪೋಣಿಸಿ, ಜೇಡಿಮಣ್ಣು ಹಿಸುಕಿ ಆ ಶಕ್ತಿ ಬರುತ್ತದೆ. ಕೇಂದ್ರ ಸರ್ಕಾರ 3ರಿಂದ 8 ವರ್ಷದವರಿಗೆ ಅಂತ 2023ರಲ್ಲಿ ಜಾದೂಯಿ ಪಿಟಾರಾ ಅನ್ನುವ ಪೆಟ್ಟಿಗೆ ತಂದಿತಲ್ಲ, ಅದರಲ್ಲೂ ಆಟಿಕೆ, ಒಗಟು, ಗೊಂಬೆ, ಚಿತ್ರದ ಕಾರ್ಡು ಎಲ್ಲ ಇವೆ. ಅಪ್ಪ ಅಮ್ಮಂದಿರನ್ನು ಒಂದು ದಿನ ಕರೆದು ಮಕ್ಕಳ ಪಕ್ಕ ಕೂರಿಸಿ. ಆ ತಕ್ಕಡಿ ಹುಡುಗಿಯ ಅಪ್ಪ ಅರ್ಧ ದಿನದ ಕೂಲಿ ಬಿಟ್ಟು ಬಂದು ನೋಡಿದ್ದರು. ಆಮೇಲೆ ಒಂದು ದಿನವೂ ಮಗುವನ್ನು ತಪ್ಪಿಸಲಿಲ್ಲ.

ಸಾಗರದ ಬಡಗಿ:

ಮರದ ತುಂಡಿಗೆ ಅಂಗಡಿಗೆ ಹೋಗಬೇಡಿ ಮಾರಾಯ್ರೇ. ಯಾವ ಬಡಗಿ ಹತ್ತಿರ ಕೇಳಿದರೂ ಹಲಸಿನ ಮರದ ಉಳಿಕೆ ತುಂಡು ಇರುತ್ತದೆ. ಒಂದೇ ಅಗಲ, ಒಂದೇ ದಪ್ಪ ಇರಲಿ. ಉದ್ದ ಮಾತ್ರ 2 ಇಂಚು, 4 ಇಂಚು, 8 ಇಂಚು ಮಾಡಿಸಿ. ಎರಡು ಸಣ್ಣದು ಸೇರಿದರೆ ಒಂದು ದೊಡ್ಡದಕ್ಕೆ ಸಮ ಆಗಬೇಕು. ಅಳತೆ ತಪ್ಪಿದರೆ ಕಟ್ಟಿದ್ದು ಬೀಳುತ್ತದೆ, ಮಕ್ಕಳಿಗೆ ಬೇಜಾರಾಗುತ್ತದೆ. ಅಂಚು, ಮೂಲೆ ಎಲ್ಲ ಮರಳು ಕಾಗದದಲ್ಲಿ ಚೆನ್ನಾಗಿ ಉಜ್ಜಿಸಿ. ಬಾಗಿಲಿಗೆ ಹೊಡೆಯುವ ಪೇಂಟ್ ಬೇಡ, ಬಣ್ಣ ಇಲ್ಲದಿದ್ದರೂ ನಡೆಯುತ್ತದೆ. ಬಣ್ಣದ್ದೇ ಬೇಕಾದರೆ ಅರಗಿನ ಬಣ್ಣದ ಚನ್ನಪಟ್ಟಣದ್ದು ತಗೊಳ್ಳಿ. ಅಂಗಡಿಯ ಬೇರೆ ಆಟಿಕೆಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ. ಅದನ್ನು ನೋಡಿಯೇ ತಗೊಳ್ಳಿ.

ತೀರ್ಥಹಳ್ಳಿ ಕಡೆಯವನು:

ಟೀಚರ್, ಅಣ್ಣ, ಅಕ್ಕ, ಎಲ್ಲರಿಗೂ ಧನ್ಯವಾದ. ಇವತ್ತು ಬೆಳಿಗ್ಗೆ ನಮ್ಮೂರ ಟೀಚರ್‌ಗೆ ಫೋನ್ ಮಾಡಿದೆ. ಚೀಟಿ ವಿಷಯ ಹೇಳಿದ ಮೇಲೆ ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ 'ಹಾಗೆ ಬರೆದುಕೊಡುತ್ತೀರಾ?' ಅಂತ ಎರಡು ಸಲ ಕೇಳಿದರು. ಹಳೇ ಬಾಕ್ಸ್ ಸೋಮವಾರ ಬಿಚ್ಚುತ್ತಾರೆ, ಬ್ಯಾಟರಿ ಇರುವುದನ್ನೆಲ್ಲ ತೆಗೆದಿಡಲು ಹೇಳಿದ್ದೇನೆ. ಏನು ಬೇಕು ಅಂತ ಕೇಳಿದ್ದಕ್ಕೆ ಅವರು ಹೇಳಿದ್ದು ಒಂದೇ, ಮಕ್ಕಳ ಕೈಗೆ ಎಟುಕುವ, ಬಾಗಿಲಿಲ್ಲದ ಕಪಾಟು. ಟಿವಿ ಅಂದವನೂ ಒಪ್ಪಿದ್ದಾನೆ.

ಸಾಗರದ ಅಣ್ಣ, ಕಪಾಟು ಎಷ್ಟು ಎತ್ತರ ಇರಬೇಕು?

ಸಾಗರದ ಬಡಗಿ:

ಎರಡು ಅಡಿ ಸಾಕು. ಮಗು ಹಿಡಿದು ಎಳೆದರೂ ಮಗುಚಬಾರದು, ಹಿಂದಿನಿಂದ ಗೋಡೆಗೆ ಸ್ಕ್ರೂ ಹಾಕಿಸಿ. ಒರಲೆ (ಗೆದ್ದಲು) ಹತ್ತದ ಹಾಗೆ ಕಾಲಿನ ಕೆಳಗೆ ಕಲ್ಲು ಕೊಡಿ. ಕೋಣೆಯ ಅಳತೆ ಕಳಿಸಿ, ನಾನೇ ಚಿತ್ರ ಹಾಕಿ ಕೊಡುತ್ತೇನೆ.